ಹಿಮದ ಯಂತ್ರಕ್ಕೊಂದು ಮನೆ: ಊರಿನ ವಿಮಾನ ನಿಲ್ದಾಣಕ್ಕೆ ಎಂಥ ಶೆಡ್, ಯಾರ ದುಡ್ಡು?

ಹೋದ ತಿಂಗಳು ಕನ್ನಡ ಕೂಟದ ಗೆಳೆಯರೊಬ್ಬರು ಫೋನ್ ಮಾಡಿದರು. ಅಮೆರಿಕದ ವಿಸ್ಕಾನ್ಸಿನ್‌ನ ಒಂದು ಸಣ್ಣ ಊರಲ್ಲಿ ಅವರ ವಾಸ. ವಿಮಾನ ಹಾರಿಸುವ ಹುಚ್ಚು ಇರೋದರಿಂದ ಊರಿನವರು ಅವರನ್ನು ಅಲ್ಲಿನ ವಿಮಾನ ನಿಲ್ದಾಣದ ಸಮಿತಿಗೆ ಸೇರಿಸಿಕೊಂಡಿದ್ದಾರೆ. ಮೊದಲ ಸಭೆಯಲ್ಲೇ ಎದುರಾದದ್ದು ಹಿಮ ತೆಗೆಯುವ ಯಂತ್ರಗಳ ಕಟ್ಟಡದ ಪ್ರಶ್ನೆ. ವಿಮಾನ ನಿಲ್ಲಿಸುವ ಹಳೇ ಹ್ಯಾಂಗರ್ ಸಾಕು ಅಂತ ಒಬ್ಬರು ಅಂದರಂತೆ. ಮರದ ಕಂಬ ನೆಟ್ಟು ಒಂದು ಶೆಡ್ ಹಾಕಿ ಮುಗಿಸೋಣ ಅಂತ ಇನ್ನೊಬ್ಬರು. ನಮ್ಮ ಲಾರಿಗಳಿಗೂ ಜಾಗ ಕೊಡಿ, ಒಟ್ಟಿಗೆ ಕಟ್ಟೋಣ ಅಂತ ಊರಿನ ರಸ್ತೆ ಇಲಾಖೆಯವರು. ಕನ್ಸಲ್ಟೆಂಟ್ ಹಿಡಿದುಕೊಂಡು ಬಂದ ನಕ್ಷೆಯಲ್ಲಿ ಮಾತ್ರ ಬಿಸಿ ನೆಲದ ಉಕ್ಕಿನ ಕಟ್ಟಡ.

"ಒಂದು ಕೊಟ್ಟಿಗೆ ಕಟ್ಟೋಕೆ ಇಷ್ಟು ರಾಮಾಯಣ ಬೇಕಾ ಮಾರಾಯ?" ಅಂತ ಕೇಳಿದರು.

ಬೇಕು. ನಾನು ಇಲ್ಲೇ ಸಿವಿಲ್ ಎಂಜಿನಿಯರ್ ಆಗಿ ಇಂಥ ಕಟ್ಟಡಗಳ ಕೆಲಸ ಮಾಡುತ್ತಾ ಬಂದವನು. ಈ ನಾಲ್ಕು ದಾರಿಗಳಲ್ಲಿ ಯಾವುದೂ ಪೂರ್ತಿ ತಪ್ಪಲ್ಲ. ಆದರೆ ಸಮಿತಿಗಳು ಸಾಮಾನ್ಯವಾಗಿ ಮೊದಲು ಕಟ್ಟಡ ಆರಿಸುತ್ತವೆ, ಆಮೇಲೆ ದುಡ್ಡು ಹುಡುಕುತ್ತವೆ. ಅಲ್ಲೇ ಎಡವಟ್ಟು. ಯಾರ ದುಡ್ಡು ಅನ್ನೋದರ ಮೇಲೆ ಕಟ್ಟಡದ ಅಳತೆ, ಒಳಗೆ ಏನು ನಿಲ್ಲಿಸಬಹುದು, ಯಾರ ಜೊತೆ ಹಂಚಿಕೊಳ್ಳಬಹುದು, ಎಲ್ಲವೂ ನಿಂತಿದೆ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಇದ್ದುಕೊಂಡು ಇಂಥ ಸಮಿತಿಗಳಲ್ಲಿ ಕೂರುವ ಕನ್ನಡಿಗರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಈ ಕೆಲಸಕ್ಕೆ ಹೊಸದಾಗಿ ಬಂದ ಎಂಜಿನಿಯರ್‌ಗಳೂ ಇದ್ದಾರೆ. ಅವರಿಗೆಲ್ಲ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಗಡಿಯಾರ ನೋಡಿ

ಕಟ್ಟಡ ಎಷ್ಟು ದೊಡ್ಡದಿರಬೇಕು? ಈ ಪ್ರಶ್ನೆಗೆ ಉತ್ತರ ಹಾರಾಟದ ಲೆಕ್ಕದಿಂದ ಶುರುವಾಗುತ್ತದೆ. ಒಂದು ಸಲ ಹಾರಿದರೆ ಒಂದು, ಇಳಿದರೆ ಇನ್ನೊಂದು ಅಂತ ಎಣಿಸಬೇಕು. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ 2016ರಲ್ಲಿ ಹೊರಡಿಸಿದ 150/5200-30ಡಿ ಸುತ್ತೋಲೆಯಲ್ಲಿ ಒಂದು ಪಟ್ಟಿ ಇದೆ. ಒಂದು ಇಂಚು ಹಿಮ ಬಿದ್ದರೆ ಮುಖ್ಯ ರನ್‌ವೇ, ಅದಕ್ಕೆ ಹೋಗುವ ದಾರಿ ಇಂಥ ಮೊದಲ ಆದ್ಯತೆಯ ಜಾಗವನ್ನು ಎಷ್ಟು ಹೊತ್ತಲ್ಲಿ ತೆರವು ಮಾಡಬೇಕು ಅಂತ ಅದು ಹೇಳುತ್ತದೆ. ಪ್ರಯಾಣಿಕ ವಿಮಾನಗಳಿಲ್ಲದ ಸಣ್ಣ ನಿಲ್ದಾಣಗಳ ಲೆಕ್ಕ ಹೀಗಿದೆ: ವರ್ಷಕ್ಕೆ 40,000 ಅಥವಾ ಅದಕ್ಕಿಂತ ಜಾಸ್ತಿ ಹಾರಾಟ ಇದ್ದರೆ 2 ಗಂಟೆ. 10,000ದಿಂದ 40,000 ಇದ್ದರೆ 3 ಗಂಟೆ. 6,000ದಿಂದ 10,000ಕ್ಕೆ 4 ಗಂಟೆ. ಅದಕ್ಕೂ ಕಡಿಮೆ ಇದ್ದರೆ 6 ಗಂಟೆ. ಪ್ರಯಾಣಿಕರ ವಿಮಾನ ಬರುವ ಕಡೆ ಗಡಿಯಾರ ಬೇಗ ಓಡುತ್ತದೆ. ಅಲ್ಲಿ ಅರ್ಧ ಗಂಟೆಯಿಂದ 2 ಗಂಟೆಯ ಒಳಗೆ ಮುಗಿಯಬೇಕು.

ಈ ಹೊತ್ತಿನ ಲೆಕ್ಕದಿಂದ ಎಷ್ಟು ಯಂತ್ರ ಬೇಕು ಅಂತ ಗೊತ್ತಾಗುತ್ತದೆ. ಅದಕ್ಕೆ 150/5220-20ಎ ಅನ್ನೋ ಇನ್ನೊಂದು ಸುತ್ತೋಲೆ ಇದೆ. ಯಂತ್ರದ ಸಂಖ್ಯೆಯಿಂದ ಕಟ್ಟಡದ ಅಳತೆ ಬರುತ್ತದೆ. ಅದಕ್ಕೆ 150/5220-18ಎ. ಮೂರೂ ಒಂದೇ ಸರಪಳಿ. ಆದ್ದರಿಂದ "ನಮಗೆ ಆರು ಬಾಗಿಲಿನ ಕಟ್ಟಡ ಬೇಕು" ಅಂತ ಅರ್ಜಿ ಹಾಕಿದರೆ, ಎರಡೇ ಯಂತ್ರಕ್ಕೆ ಆರು ಬಾಗಿಲು ಯಾಕೆ ಅಂತ ದುಡ್ಡು ಕೊಡುವವರಿಂದ ಮೊದಲ ಪ್ರಶ್ನೆ ಬರುತ್ತದೆ.

ಗೆಳೆಯರ ಊರಿನಲ್ಲಿ ಸುಮಾರು 8,000 ಹಾರಾಟ. ಅಂದರೆ 4 ಗಂಟೆ. ಪ್ಲೌ, ಅಂದರೆ ಹಿಮ ತಳ್ಳುವ ಅಗಲದ ಬ್ಲೇಡು, ಕಟ್ಟಿದ ಲಾರಿ ಒಂದು, ಹಿಮ ಎತ್ತಿ ದೂರ ಎಸೆಯುವ ಬ್ಲೋವರ್ ಹಾಕುವ ಲೋಡರ್ ಒಂದು. ಒಂದು ಹಳೇ ಟ್ರ್ಯಾಕ್ಟರ್ ಇದೆ, ಬೇಸಿಗೆಯಲ್ಲಿ ಹುಲ್ಲು ಕತ್ತರಿಸಲು. ಈ ಟ್ರ್ಯಾಕ್ಟರ್ ನೆನಪಿಟ್ಟುಕೊಳ್ಳಿ. ಮುಂದೆ ತಕರಾರು ಬರೋದು ಅದರಿಂದಲೇ.

ದುಡ್ಡಿನ ದಾರಿಗಳು

ದೊಡ್ಡ ಪಾಲು ಬರೋದು ವಿಮಾನ ನಿಲ್ದಾಣಗಳ ಸುಧಾರಣೆಗೆ ಅಂತ ಇರುವ ಎಫ್‌ಎಎಯ ಎಐಪಿ ಯೋಜನೆಯಿಂದ. ಈ ದುಡ್ಡು ಅಮೆರಿಕದ ಸಾಮಾನ್ಯ ಜನರ ಆದಾಯ ತೆರಿಗೆಯದ್ದಲ್ಲ. ವಿಮಾನದ ಟಿಕೆಟ್ ಮತ್ತು ಇಂಧನದ ಮೇಲಿನ ತೆರಿಗೆ ಒಂದು ನಿಧಿಗೆ ಸೇರಿ ಅಲ್ಲಿಂದ ಬರುತ್ತದೆ. ರಾಷ್ಟ್ರೀಯ ಪಟ್ಟಿಯಲ್ಲಿರುವ ಸಣ್ಣ ನಿಲ್ದಾಣಕ್ಕೆ ವರ್ಷಕ್ಕೆ ಹೆಚ್ಚೆಂದರೆ 1,50,000 ಡಾಲರ್ ಹಕ್ಕಿನ ಹಣ ಸಿಗುತ್ತದೆ. ಆ ವರ್ಷ ಖರ್ಚು ಮಾಡದಿದ್ದರೆ ಮುಂದಿನ ಮೂರು ವರ್ಷ ಇಟ್ಟುಕೊಳ್ಳಬಹುದು. ಹಾಗೆ ನಾಲ್ಕು ವರ್ಷ ಕೂಡಿಸಿದರೆ 6,00,000. ಅದಾದ ಮೇಲೆ ಹಳೇ ವರ್ಷದ ಹಣ ಕೈತಪ್ಪುತ್ತದೆ. ನಿಮಗೆ ಬೇಡ ಅಂದರೆ ಪಕ್ಕದ ಊರಿನ ನಿಲ್ದಾಣಕ್ಕೆ ಬಿಟ್ಟುಕೊಡಬಹುದು. ಮುಂದೆ ಅವರು ನಿಮಗೆ ಹಾಗೇ ಬಿಟ್ಟುಕೊಡುತ್ತಾರೆ. ನಮ್ಮ ಕಡೆ ಗದ್ದೆ ಕೊಯ್ಲಿಗೆ ಮುಯ್ಯಾಳು ಹೋಗೋ ಹಾಗೆ. ಇಂಥ ಕೈಬದಲು ಇಲ್ಲಿ ಸಾಕಷ್ಟು ನಡೆಯುತ್ತದೆ.

ಖರ್ಚಿನ ಶೇ. 90 ಫೆಡರಲ್, ಅಂದರೆ ಕೇಂದ್ರ ಸರ್ಕಾರದ್ದು ಅನ್ನೋದು ರೂಢಿಯ ಲೆಕ್ಕ. 2024ರ ಮೇ ತಿಂಗಳಲ್ಲಿ ಬಂದ ಕಾನೂನು ಸಣ್ಣ ನಿಲ್ದಾಣಗಳಿಗೆ 2025 ಮತ್ತು 2026ರ ಹಣಕಾಸು ವರ್ಷಗಳ ಮಟ್ಟಿಗೆ ಅದನ್ನು ಶೇ. 95ಕ್ಕೆ ಏರಿಸಿತು. ಉಳಿದದ್ದು ರಾಜ್ಯ ಮತ್ತು ಊರಿನ ಪಾಲು. ವಿಸ್ಕಾನ್ಸಿನ್, ಮಿಷಿಗನ್, ಇಲಿನಾಯ್‌ಗಳಲ್ಲಿ ಸಾಮಾನ್ಯವಾಗಿ ಆ ಉಳಿದ ಭಾಗವನ್ನು ರಾಜ್ಯ ಅರ್ಧ, ಊರು ಅರ್ಧ ಹಾಕುತ್ತವೆ. ಈ ಮೂರೂ ಬ್ಲಾಕ್ ಗ್ರ್ಯಾಂಟ್ ರಾಜ್ಯಗಳು. ಅಂದರೆ ಸಣ್ಣ ನಿಲ್ದಾಣಗಳ ಹಣವನ್ನು ಎಫ್‌ಎಎ ಪರವಾಗಿ ರಾಜ್ಯವೇ ನೋಡಿಕೊಳ್ಳುತ್ತದೆ. ನೀವು ಮಾತಾಡಬೇಕಾದ್ದು ರಾಜ್ಯದ ಕಚೇರಿಯ ಜೊತೆ.

ಇದಲ್ಲದೆ 2021ರ ಮೂಲಸೌಕರ್ಯ ಕಾನೂನಿನ ಹಣ ಬೇರೆ ಇತ್ತು. 2022ರಿಂದ 2026ರವರೆಗೆ ಐದು ಕಂತು. ಮೊದಲ ಕಂತಿನಲ್ಲಿ 'ಲೋಕಲ್' ಅನ್ನೋ ವರ್ಗದ ನಿಲ್ದಾಣಕ್ಕೆ 1,59,000 ಡಾಲರ್, 'ಬೇಸಿಕ್' ವರ್ಗಕ್ಕೆ 1,10,000 ಡಾಲರ್ ಬಂತು. ಕೊನೆಯ ಕಂತೂ ಬಂದಾಗ ಖರ್ಚು ಮಾಡಲು ಇನ್ನೂ ಕೆಲವು ವರ್ಷ ಸಿಗುತ್ತದೆ. ನಿಮ್ಮ ಊರಿನ ಖಾತೆಯಲ್ಲಿ ಇದರಲ್ಲಿ ಎಷ್ಟು ಬಾಕಿ ಇದೆ ಅಂತ ಕ್ಲರ್ಕನ್ನು ಕೇಳಿ. ಕೆಲವು ಸಮಿತಿಗಳಿಗೆ ತಮ್ಮ ಹೆಸರಲ್ಲಿ ಹಣ ಇರೋದೇ ಗೊತ್ತಿರೋದಿಲ್ಲ.

ಸರಿ, ಈಗ ಟ್ರ್ಯಾಕ್ಟರ್ ವಿಷಯ. ಫೆಡರಲ್ ಹಣ ಕೊಡೋದು ಹಿಮದ ಯಂತ್ರಕ್ಕೆ ಬೇಕಾದ ಜಾಗಕ್ಕೆ ಮಾತ್ರ. ಹುಲ್ಲು ಕತ್ತರಿಸೋ ಯಂತ್ರ, ಊರಿನ ಪಿಕಪ್, ಯಾರದೋ ದೋಣಿ ಇದಕ್ಕೆಲ್ಲ ಕಟ್ಟಿದ ಚದರಡಿ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಕಟ್ಟಬೇಡಿ ಅಂತ ಯಾರೂ ಹೇಳೋದಿಲ್ಲ. ಪಾಲು ಹಾಕುತ್ತಾರೆ ಅಷ್ಟೇ.

ಒಂದು ಉದಾಹರಣೆ ಮಾಡಿ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಹಿಡಿದ ಅಂಕಿಗಳು ಇವು. ಕಟ್ಟಡ 4,800 ಚದರಡಿ, ಖರ್ಚು 12,00,000 ಡಾಲರ್. ಇದರಲ್ಲಿ ಹಿಮದ ಯಂತ್ರಕ್ಕೆ ಬೇಕಾದ್ದು 3,600 ಚದರಡಿ, ಅಂದರೆ ಮುಕ್ಕಾಲು ಭಾಗ. ಫೆಡರಲ್ ಲೆಕ್ಕಕ್ಕೆ ಸೇರೋದು 9,00,000. ಅದರ ಶೇ. 90 ಅಂದರೆ 8,10,000. ಉಳಿದ 90,000ವನ್ನು ರಾಜ್ಯ, ಊರು ಹಂಚಿಕೊಂಡರೆ ಊರಿಗೆ 45,000. ಟ್ರ್ಯಾಕ್ಟರ್ ಮತ್ತಿತರ ಜಾಗದ 3,00,000 ಪೂರ್ತಿ ಊರಿನ ತಲೆಗೆ. ಒಟ್ಟು 3,45,000. "ಶೇ. 90 ಅವರೇ ಕೊಡ್ತಾರೆ" ಅಂತ ಸಭೆಯಲ್ಲಿ ಕೇಳಿಸಿಕೊಂಡವರಿಗೆ ಇದು ಶಾಕ್ ಆಗದೇ ಇರುತ್ತಾ?

ಇನ್ನೂ ಒಂದು ತೊಡಕಿದೆ. 8,10,000 ಬೇಕು, ನಾಲ್ಕು ವರ್ಷ ಕೂಡಿಸಿದ ಹಕ್ಕಿನ ಹಣ 6,00,000. ಬಾಕಿ 2,10,000ವನ್ನು ರಾಜ್ಯಕ್ಕೆ ಅಂತ ಎಫ್‌ಎಎ ಕೊಡುವ ಪಾಲಿನಿಂದಲೋ ಸ್ಪರ್ಧೆಯ ಹಣದಿಂದಲೋ ತರಬೇಕು. ಅಲ್ಲಿ ನೀವು ಬೇರೆ ಊರುಗಳ ರನ್‌ವೇ ರಿಪೇರಿ ಜೊತೆ ಸಾಲಲ್ಲಿ ನಿಲ್ಲಬೇಕು. ರನ್‌ವೇ ಮುಂದೆ ಶೆಡ್ ಯಾವತ್ತೂ ಹಿಂದೇನೇ. ಹಾಗಾಗಿ ನನ್ನ ಅಭಿಪ್ರಾಯ ಹೀಗೆ: ಹಕ್ಕಿನ ಹಣದಲ್ಲೇ ಮುಗಿಯುವಷ್ಟು ಅಳತೆಗೆ ಮೊದಲ ನಕ್ಷೆ ಇರಲಿ. ಜಾಸ್ತಿ ಬಾಗಿಲಿಗೆ ಟೆಂಡರ್‌ನಲ್ಲಿ ಬೇರೆಯಾಗಿ ರೇಟು ಕೇಳಿ. ಬಂದರೆ ಕಟ್ಟಿ, ಇಲ್ಲದಿದ್ದರೆ ಬಿಡಿ. ಪಾಲು ಹಾಕುವಾಗಲೂ ಲೆಕ್ಕ ಸ್ವಚ್ಛವಾಗಿರುತ್ತದೆ.

ಇದೇ ಹಕ್ಕಿನ ಹಣವನ್ನು ಬಾಡಿಗೆ ಹ್ಯಾಂಗರ್ ಕಟ್ಟಲೂ ಬಳಸಬಹುದು, ರನ್‌ವೇ ಕಡೆಯ ಅಗತ್ಯಗಳು ಮುಗಿದಿದ್ದರೆ. ಹ್ಯಾಂಗರ್ ತಿಂಗಳು ತಿಂಗಳು ಬಾಡಿಗೆ ತರುತ್ತದೆ, ಶೆಡ್ ತಿಂಗಳು ತಿಂಗಳು ಗ್ಯಾಸ್ ಬಿಲ್ ತರುತ್ತದೆ. ಸಮಿತಿಯಲ್ಲಿ ಒಬ್ಬರಾದರೂ ಈ ಮಾತು ಎತ್ತುತ್ತಾರೆ. ಎತ್ತಲಿ, ನ್ಯಾಯವಾದ ಪ್ರಶ್ನೆಯೇ. ನೀವು ಹೇಳಬೇಕಾದ ಉತ್ತರ ಇಷ್ಟು: ಜನವರಿಯಲ್ಲಿ ರನ್‌ವೇ ಮುಚ್ಚಿದ್ದರೆ ಹ್ಯಾಂಗರ್ ಬಾಡಿಗೆಗೆ ಬರುವವರು ಪಕ್ಕದ ಊರಿಗೆ ಹೋಗುತ್ತಾರೆ.

ಫೆಡರಲ್ ಹಣ ಬೇಡವೇ ಬೇಡ ಅನ್ನೋರೂ ಇದ್ದಾರೆ. ಊರಿನ ಬಾಂಡ್ ಎತ್ತಬಹುದು. 20,000ಕ್ಕಿಂತ ಕಡಿಮೆ ಜನ ಇರುವ ಊರಾದರೆ ಕೃಷಿ ಇಲಾಖೆಯ ಸಮುದಾಯ ಸೌಲಭ್ಯದ ಸಾಲವನ್ನೂ ಕೇಳಿ ನೋಡಬಹುದು. ಆಗ ಟ್ರ್ಯಾಕ್ಟರ್ ನಿಲ್ಲಿಸಿದರೂ ಪಾಲು ಹಾಕಲು ಎಫ್‌ಎಎ ಚದರಡಿ ಅಳೆಯೋದಿಲ್ಲ. ಆದರೆ ಪೂರ್ತಿ ಖರ್ಚು ನಿಮ್ಮದೇ. ಮತ್ತೆ, ಸ್ವಂತ ದುಡ್ಡಲ್ಲಿ ಕಟ್ಟಿದರೂ ನಿಲ್ದಾಣದ ಅಧಿಕೃತ ನಕ್ಷೆಯಲ್ಲಿ ಕಟ್ಟಡ ಇರಲೇಬೇಕು, ಕಟ್ಟಡ ಬರುವ ಸುದ್ದಿಯನ್ನು ಎಫ್‌ಎಎಗೆ ತಿಳಿಸುವ 7460-1 ನಮೂನೆಯನ್ನು ಕೆಲಸ ಶುರುವಾಗುವ 45 ದಿನ ಮೊದಲು ಕಳಿಸಲೇಬೇಕು. ಇದರಿಂದ ಯಾರಿಗೂ ವಿನಾಯಿತಿ ಇಲ್ಲ.

ನಾಲ್ಕು ದಾರಿಗಳು

ಹಳೇ ಹ್ಯಾಂಗರ್. ಕಡಿಮೆ ಖರ್ಚಿನದು ಅಂತ ಕಾಣುತ್ತದೆ. ಕೆಲವು ಕಡೆ ನಿಜಕ್ಕೂ ಹೌದು. ಒಳಗೆ ಹೋಗಿ ನೆಲ ನೋಡಿ. ಹ್ಯಾಂಗರ್ ನೆಲ ಸಾಮಾನ್ಯವಾಗಿ ಮಟ್ಟವಾಗಿರುತ್ತದೆ, ಮಧ್ಯೆ ಚರಂಡಿ ಇರೋದಿಲ್ಲ. ಪ್ಲೌ ಲಾರಿ ಒಳಗೆ ಬಂದು ನಿಂತರೆ ಅದಕ್ಕೆ ಅಂಟಿದ ಹಿಮ ಕರಗಿ ನೀರಾಗುತ್ತದೆ. ಹೋಗಲು ದಾರಿ ಇಲ್ಲದ ನೀರು ರಾತ್ರಿ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ಬಾಗಿಲು ವಿಮಾನಕ್ಕೆ ಅಂತ ಮಾಡಿದ್ದು, ಅಗಲ ಜಾಸ್ತಿ. ಒಂದು ಯಂತ್ರ ಹೊರಗೆ ತೆಗೆಯಲು 40 ಅಡಿ ಬಾಗಿಲು ತೆರೆದರೆ ಒಳಗಿನ ಬಿಸಿಯೆಲ್ಲ ಒಂದೇ ಸಲ ಆಚೆ. ಜೊತೆಗೆ ಬಾಡಿಗೆ ಬರುತ್ತಿದ್ದ ಜಾಗ ಅದು, ಆ ಆದಾಯ ನಿಲ್ಲುತ್ತದೆ. ಹ್ಯಾಂಗರ್ ಖಾಲಿ ಬಿದ್ದಿದೆ, ನೆಲ ಒಡೆದು ಇಳಿಜಾರು ಮಾಡಿಸಬಹುದು, ಐದಾರು ವರ್ಷ ತಳ್ಳಿದರೆ ಸಾಕು ಅಂದರೆ ಮಾತ್ರ ಇದಕ್ಕೆ ನನ್ನ ಓಟು.

ಮರದ ಕಂಬದ ಶೆಡ್. ಇಲ್ಲಿ ಪೋಲ್ ಬಾರ್ನ್ ಅನ್ನುತ್ತಾರೆ. ರೈತರ ಹೊಲಗಳಲ್ಲಿ ಎಲ್ಲೆಲ್ಲೂ ಕಾಣುವುದು ಇದೇ. ಬೇಗ ಏಳುತ್ತದೆ, ಊರಿನ ಬಡಗಿಗಳೇ ಕಟ್ಟುತ್ತಾರೆ. ಬಿಸಿ ಇಲ್ಲದೆ, ಸುಮ್ನೆ ಗಾಳಿ ಹಿಮ ತಡೆಯಲು ಸಾಕು ಅಂದರೆ ಇದಕ್ಕಿಂತ ಅಗ್ಗದ್ದು ಇಲ್ಲ. ತೊಂದರೆ ಇರೋದು ಬೆಳಗಿನ ಜಾವ 4 ಗಂಟೆಗೆ. ಹೊರಗೆ ಮೈನಸ್ 29 ಡಿಗ್ರಿ ಇದ್ದಾಗ ಡೀಸೆಲ್ ಮೇಣದ ಹಾಗೆ ಗಟ್ಟಿಯಾಗುತ್ತದೆ, ಬ್ಯಾಟರಿ ಅರ್ಧ ಸತ್ತಿರುತ್ತದೆ, ಹೈಡ್ರಾಲಿಕ್ ಎಣ್ಣೆ ಜೇನುತುಪ್ಪದ ಹಾಗೆ ಹರಿಯುತ್ತದೆ. ಎಂಜಿನ್‌ಗೆ ರಾತ್ರಿಯಿಡೀ ಕರೆಂಟಿನ ಹೀಟರ್ ಹಾಕಿಟ್ಟರೆ ಹತ್ತುತ್ತದೆ, ಆದರೆ ಪ್ಲೌ ಮೇಲೆ ಹೆಪ್ಪುಗಟ್ಟಿದ ಮಂಜು ಹಾಗೇ ಇರುತ್ತದೆ. ನಿಮ್ಮ ಗಡಿಯಾರ 6 ಗಂಟೆಯದಾದರೆ ಒಂದು ಗಂಟೆ ಇದಕ್ಕೆ ಹೋದರೂ ನಡೆಯುತ್ತದೆ. 3 ಗಂಟೆಯದಾದರೆ ನಡೆಯೋದಿಲ್ಲ. ಒಂದು ಮಧ್ಯದ ದಾರಿ ಇದೆ: ಶೆಡ್ಡಿನ ಒಂದು ಬಾಗಿಲಿನ ಭಾಗಕ್ಕೆ ಗೋಡೆ ಹಾಕಿ ಅಷ್ಟಕ್ಕೆ ಮಾತ್ರ ಬಿಸಿ ಮಾಡಿ, ಮುಖ್ಯ ಲಾರಿಯನ್ನು ಅಲ್ಲಿ ನಿಲ್ಲಿಸಿ. ಮಿಕ್ಕದ್ದು ತಣ್ಣಗಿರಲಿ. ಸಣ್ಣ ಊರುಗಳಿಗೆ ನಾನು ಹೆಚ್ಚಾಗಿ ಹೇಳೋದು ಇದನ್ನೇ.

ಪೋಲ್ ಬಾರ್ನ್‌ಗೆ ಫೆಡರಲ್ ಹಣ ಹಾಕಿದರೆ ಅಗ್ಗದ ಲಾಭ ಒಂದಿಷ್ಟು ಕರಗುತ್ತದೆ. ಸರ್ಕಾರ ಗೊತ್ತು ಮಾಡಿದ ಕೂಲಿ ದರ ಕೊಡಬೇಕು, ಸಾಮಾನು ಅಮೆರಿಕದ್ದೇ ಅಂತ ಕಾಗದ ಇಡಬೇಕು, ಎಂಜಿನಿಯರನ್ನು ಫೀಸು ನೋಡಿ ಅಲ್ಲದೆ ಅರ್ಹತೆ ನೋಡಿ ಆರಿಸಬೇಕು. ಊರಿನ ಬಡಗಿಗೆ ಈ ಕಾಗದದ ಉಸಾಬರಿ ಬೇಡವಾಗಿರುತ್ತದೆ.

ರಸ್ತೆ ಇಲಾಖೆ ಜೊತೆ ಹಂಚಿಕೊಂಡು ಕಟ್ಟೋದು. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುವ ದಾರಿ. ಒಂದೇ ಬಾಯ್ಲರ್, ಒಂದೇ ವರ್ಕ್‌ಶಾಪ್, ಮೆಕ್ಯಾನಿಕ್ ಒಬ್ಬನೇ. ಮೇಯರ್‌ಗಳಿಗೆ ಇದು ತುಂಬಾ ಇಷ್ಟ. ನನಗೆ ಮೂರು ಅನುಮಾನ. ಒಂದು, ರಸ್ತೆ ಲಾರಿಗಳು ಉಪ್ಪು ಹೊತ್ತು ಬರುತ್ತವೆ. ರನ್‌ವೇ ಮೇಲೆ ರಸ್ತೆ ಉಪ್ಪು ಹಾಕೋದಿಲ್ಲ, ಅದು ವಿಮಾನದ ಅಲ್ಯೂಮಿನಿಯಂ ತಿನ್ನುತ್ತದೆ. ಪೊಟ್ಯಾಸಿಯಂ ಅಸಿಟೇಟ್, ಸೋಡಿಯಂ ಫಾರ್ಮೇಟ್ ಅಂಥವು ಅಥವಾ ಮರಳು ಬಳಸುತ್ತಾರೆ. ಒಂದೇ ನೆಲದ ಮೇಲೆ ಎರಡೂ ಓಡಾಡಿದರೆ ಉಪ್ಪುನೀರು ನಿಮ್ಮ ಟೈರಿಗೆ ಅಂಟಿ ರನ್‌ವೇಗೆ ಬರುತ್ತದೆ. ಎರಡು, ಹಿಮ ಊರಿಗೂ ರನ್‌ವೇಗೂ ಒಂದೇ ಹೊತ್ತಿಗೆ ಬೀಳುತ್ತದೆ. ಆ ಹೊತ್ತಲ್ಲಿ ಶಾಲಾ ಬಸ್ಸಿನ ದಾರಿ ಮೊದಲೋ ರನ್‌ವೇ ಮೊದಲೋ? ಡ್ರೈವರ್ ಒಬ್ಬನೇ ಇದ್ದರೆ ಉತ್ತರ ನಿಮಗೆ ಗೊತ್ತು. ಮೂರು, ಫೆಡರಲ್ ಹಣದಲ್ಲಿ ಕೊಂಡ ಪ್ಲೌ ನಿಲ್ದಾಣದ ಕೆಲಸಕ್ಕೆ ಮಾತ್ರ, ಊರಿನ ಬೀದಿಗೆ ಇಳಿಯುವ ಹಾಗಿಲ್ಲ. ನಿಲ್ದಾಣದ ಜಾಗದಲ್ಲಿ ರಸ್ತೆ ಇಲಾಖೆ ಕಟ್ಟಿದರೆ ಅದಕ್ಕೆ ಮಾರುಕಟ್ಟೆ ದರದ ಬಾಡಿಗೆ ಕೊಡಬೇಕು. ಊರು ತನಗೇ ತಾನು ಬಾಡಿಗೆ ಕೊಡೋದಾ ಅಂತ ನಗಬೇಡಿ. ನಿಲ್ದಾಣದ ಆದಾಯ ನಿಲ್ದಾಣಕ್ಕೇ ಅನ್ನೋ ಷರತ್ತಿಗೆ ಗ್ರ್ಯಾಂಟ್ ತೆಗೆದುಕೊಳ್ಳುವಾಗಲೇ ಸಹಿ ಹಾಕಿರುತ್ತೀರಿ.

ಹಾಗಂತ ಇದು ಆಗೋದೇ ಇಲ್ಲ ಅಂತಲ್ಲ. ರಸ್ತೆ ಇಲಾಖೆಗೂ ಹೊಸ ಕಟ್ಟಡ ಬೇಕಾಗಿದೆ, ಜಾಗ ನಿಲ್ದಾಣದ ಬೇಲಿಯ ಅಂಚಿನಲ್ಲಿದೆ ಅಂದರೆ ಮಧ್ಯೆ ಪೂರ್ತಿ ಗೋಡೆ ಹಾಕಿ, ಅವರ ಬಾಗಿಲು ರಸ್ತೆಗೆ, ನಿಮ್ಮ ಬಾಗಿಲು ರನ್‌ವೇಗೆ ಇಡಿ. ಚರಂಡಿಯೂ ಬೇರೆ ಬೇರೆ ಇರಲಿ.

ಬಿಸಿ ಇರುವ ಉಕ್ಕಿನ ಕಟ್ಟಡ. ಕಾರ್ಖಾನೆಯಲ್ಲಿ ಕತ್ತರಿಸಿ ತಂದು ಇಲ್ಲಿ ಜೋಡಿಸುವಂಥದ್ದು. ಮಧ್ಯೆ ಕಂಬ ಇರೋದಿಲ್ಲ, ಮುಂದೆ ಉದ್ದಕ್ಕೆ ಬೆಳೆಸಬಹುದು, ಹಿಮದ ಭಾರಕ್ಕೆ ಲೆಕ್ಕ ಹಾಕಿ ಬಂದಿರುತ್ತದೆ. ಎಫ್‌ಎಎ ಹಣದಲ್ಲಿ ಕಟ್ಟುವವರಲ್ಲಿ ಬಹಳ ಜನ ಇಲ್ಲಿಗೇ ಬಂದು ನಿಲ್ಲುತ್ತಾರೆ. ನಾನೂ ಹಾಗೇ, ಆದರೆ ಒಂದು ಎಚ್ಚರಿಕೆಯ ಜೊತೆ: ಕಟ್ಟೋದಕ್ಕೆ ಶೇ. 90 ಕೊಡುವವರು ಗ್ಯಾಸ್ ಬಿಲ್‌ಗೆ ಒಂದು ಡಾಲರೂ ಕೊಡೋದಿಲ್ಲ. ಮುಂದಿನ ಅಷ್ಟೂ ಚಳಿಗಾಲ ಬಿಲ್ ನಿಮ್ಮದೇ. ಆದ್ದರಿಂದ ಗೋಡೆ ಸೂರಿನ ಇನ್ಸುಲೇಷನ್‌ಗೆ ಕತ್ತರಿ ಹಾಕಬೇಡಿ. ಅದಕ್ಕೆ ಹಾಕುವ ದುಡ್ಡಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೇರೆಯವರದು, ಉಳಿತಾಯ ಪೂರ್ತಿ ನಿಮ್ಮದು.

ಬಟ್ಟೆಯ ಗೂಡಾರದಂಥ ಕಟ್ಟಡಗಳೂ ಬರುತ್ತವೆ. ಮರಳು ಒಣಗಿಸಿಡಲು ಚೆನ್ನ. ಯಂತ್ರಕ್ಕೆ ಬೇಡ.

ನಕ್ಷೆಗೆ ಸಹಿ ಹಾಕುವ ಮೊದಲು

ನನ್ನ ಮೊದಮೊದಲ ಕೆಲಸಗಳಲ್ಲಿ ಒಂದರ ಕಥೆ. ಊರಿನ ಹೆಸರು ಬೇಡ. ಕಟ್ಟಡದ ಉದ್ದದ ಬದಿಗೆ ಮೂರು ಬಾಗಿಲು ಇಟ್ಟಿದ್ದೆವು. ಅದೇ ಕಡೆ ಸೂರಿನ ಇಳಿಜಾರು. ನುಣ್ಣನೆಯ ತಗಡು. ಮೊದಲ ಚಳಿಗಾಲದಲ್ಲಿ ಒಂದು ಬಿಸಿಲು ಬಿದ್ದ ಮಧ್ಯಾಹ್ನ ಸೂರಿನ ಮೇಲಿದ್ದ ಹಿಮವೆಲ್ಲ ಒಟ್ಟಿಗೆ ಜಾರಿ ಧೊಪ್ಪನೆ ಬಾಗಿಲ ಮುಂದೆ ಬಿತ್ತು. ಸಂಜೆ ಚಳಿಗೆ ಅದು ಕಲ್ಲಾಯಿತು. ಹಿಮ ತೆಗೆಯುವ ಯಂತ್ರ ಒಳಗೆ, ಹೊರಗೆ ಸೊಂಟದೆತ್ತರ ಹಿಮ. ಆಪರೇಟರ್ ಸಲಿಕೆ ಹಿಡಿದು ಮುಕ್ಕಾಲು ಗಂಟೆ ಕೆರೆದು ಬಾಗಿಲು ಬಿಡಿಸಿದರು. ನನಗೆ ಒಂದು ಫೋಟೋ ಕಳಿಸಿದರು. ಜೊತೆಗೆ ಒಂದಕ್ಷರವೂ ಬರೆದಿರಲಿಲ್ಲ.

ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಸೂರಿನ ನೀರು ಬಾಗಿಲಿಗೆ ಬೀಳದ ಹಾಗೆ ಮನೆ ಕಟ್ಟಬೇಕು ಅನ್ನೋದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇಲ್ಲೂ ಅದೇ ಮಾತು: ಬಾಗಿಲು ಸೂರು ಇಳಿಯುವ ಕಡೆ ಬೇಡ, ತ್ರಿಕೋನದ ಗೋಡೆಯ ಕಡೆ ಇರಲಿ. ಬೇರೆ ದಾರಿಯೇ ಇಲ್ಲ ಅಂದರೆ ತಗಡಿನ ಮೇಲೆ ಹಿಮ ತಡೆಯುವ ಕೊಕ್ಕೆಗಳನ್ನು ಹಾಕಿಸಿ. ಬಾಗಿಲು ದಕ್ಷಿಣಕ್ಕೆ ಸಿಕ್ಕರೆ ಬಿಡಬೇಡಿ, ಮುಂದಿನ ಕಾಂಕ್ರೀಟ್ ಮೇಲಿನ ಮಂಜನ್ನು ಬಿಸಿಲೇ ಕರಗಿಸುತ್ತದೆ. ಚಳಿಗಾಲದ ಗಾಳಿ ಬೀಸುವ ದಿಕ್ಕಿಗಂತೂ ಬೇಡವೇ ಬೇಡ.

ಬಾಗಿಲಿನ ಅಗಲಕ್ಕೆ ಪ್ಲೌ ಅಳೆಯಿರಿ, ಲಾರಿಯನ್ನಲ್ಲ. ನಾನು ಪ್ಲೌ ಬ್ಲೇಡಿನ ಅಗಲದ ಮೇಲೆ ಕಡೇಪಕ್ಷ 4 ಅಡಿ ಹಿಡಿಯುತ್ತೇನೆ. ಉದ್ದಕ್ಕೂ ಹಾಗೇ. ಪ್ಲೌ ಕಟ್ಟಿಕೊಂಡೇ ಲಾರಿ ಒಳಗೆ ನಿಲ್ಲಬೇಕು, ಸುತ್ತ ಒಬ್ಬ ಮನುಷ್ಯ ನಡೆದು ಗ್ರೀಸ್ ಹಾಕಲು ಜಾಗ ಇರಬೇಕು. ಪ್ಲೌ ಬಿಚ್ಚಿಟ್ಟು ಬಾಗಿಲು ಹಾಕುವ ಕಟ್ಟಡಗಳನ್ನು ನೋಡಿದ್ದೇನೆ. ಹಿಮ ಬಿದ್ದ ರಾತ್ರಿ ಕೈಗವಸು ಹಾಕಿಕೊಂಡು ಪ್ಲೌ ಜೋಡಿಸುವವರ ಶಾಪ ನಕ್ಷೆ ಬರೆದವರಿಗೆ ತಟ್ಟುತ್ತದೆ.

ಜಾಗ ಆರಿಸುವಾಗ ಎತ್ತರದ ಲೆಕ್ಕ ಇದೆ. ರನ್‌ವೇ ಸುತ್ತ ಒಂದು ಪಟ್ಟಿ ಖಾಲಿ ಇರಬೇಕು. ಆ ಪಟ್ಟಿಯ ಅಂಚಿನಿಂದ 7 ಅಡಿ ದೂರ ಹೋದರೆ 1 ಅಡಿ ಎತ್ತರಕ್ಕೆ ಅವಕಾಶ. ಪಟ್ಟಿ 500 ಅಡಿ ಅಗಲದ್ದಾದರೆ ರನ್‌ವೇ ನಡುಗೆರೆಯಿಂದ ಅಂಚಿಗೆ 250 ಅಡಿ. ನೆಲ ಮಟ್ಟವಾಗಿದೆ, ಕಟ್ಟಡ 28 ಅಡಿ ಎತ್ತರ ಅಂದರೆ ಇನ್ನೂ 196 ಅಡಿ ಬೇಕು. ಒಟ್ಟು 446 ಅಡಿ. ದೂರದವರೆಗೆ ಕಾಣದ ಹವಾಮಾನದಲ್ಲೂ ಇಳಿಯಲು ಅನುಕೂಲ ಇರುವ ರನ್‌ವೇಗಳಲ್ಲಿ ಪಟ್ಟಿ 1,000 ಅಡಿ ಅಗಲ ಇರುತ್ತದೆ, ಆಗ ಅದೇ ಕಟ್ಟಡ 696 ಅಡಿ ಆಚೆ ಹೋಗಬೇಕು. ಈಗ 500ರ ಪಟ್ಟಿ ಇದ್ದರೂ ಮುಂದೆ ಅಂಥ ಸೌಲಭ್ಯ ತರುವ ಆಸೆ ಇದ್ದರೆ ಈಗಲೇ ದೂರ ಹೋಗಿ. ಕಟ್ಟಿದ ಮೇಲೆ ತಳ್ಳಲು ಆಗೋದಿಲ್ಲ.

ಬಿಸಿಗೆ ಎರಡು ದಾರಿ. ಸೂರಿಗೆ ನೇತುಹಾಕುವ ಗ್ಯಾಸ್ ಕೊಳವೆ ಹೀಟರ್ ಅಗ್ಗ, ಬೇಗ ಬಿಸಿ ಮಾಡುತ್ತದೆ. ನೆಲದೊಳಗೆ ಬಿಸಿನೀರಿನ ಕೊಳವೆ ಹಾಸಿದರೆ ಖರ್ಚು ಜಾಸ್ತಿ, ಬಿಸಿಯಾಗಲು ನಿಧಾನ. ಆದರೆ ಬಾಗಿಲು ತೆರೆದು ಮುಚ್ಚಿದರೂ ನೆಲ ಬಿಸಿಯಾಗೇ ಇರುತ್ತದೆ, ಲಾರಿಯ ಹೊಟ್ಟೆಗೆ ಅಂಟಿದ ಮಂಜು ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ, ನೆಲ ಒಣಗಿರುತ್ತದೆ. ಈಗ ದುಡ್ಡಿಲ್ಲ ಅಂದರೆ ಕೊಳವೆ ಮಾತ್ರ ಹಾಸಿ ಕಾಂಕ್ರೀಟ್ ಹಾಕಿಸಿ, ಬಾಯ್ಲರ್ ಆಮೇಲೆ ತನ್ನಿ. ಕಾಂಕ್ರೀಟ್ ಹಾಕಿದ ಮೇಲೆ ಕೊಳವೆ ಹಾಸೋದು ಅಂದರೆ ನೆಲವನ್ನೇ ಒಡೆದು ಮತ್ತೆ ಹಾಕಿಸಬೇಕು. ಚರಂಡಿ ಪ್ರತಿ ಬಾಗಿಲಿನ ಸಾಲಿನ ಮಧ್ಯೆ ಬರಲಿ. ಬಾಗಿಲ ಹೊಸ್ತಿಲಲ್ಲಿ ಇಟ್ಟರೆ ಮೊದಲು ಹೆಪ್ಪುಗಟ್ಟುವುದು ಅದೇ. ಚರಂಡಿಯ ಕೊನೆಗೆ ಎಣ್ಣೆ, ಮರಳು ಬೇರೆ ಮಾಡುವ ತೊಟ್ಟಿ ಬೇಕು. ಮುಚ್ಚಿದ ಜಾಗದಲ್ಲಿ ಡೀಸೆಲ್ ಎಂಜಿನ್ ಓಡುವುದರಿಂದ ವಿಷಗಾಳಿ ಗುರುತಿಸಿ ಫ್ಯಾನ್ ಹಾಕುವ ಸೆನ್ಸರ್ ಮರೆಯಬೇಡಿ.

ಹಾಗಾದ್ರೆ ನಿಮಗೆ ಯಾವುದು?

ಹಾರಾಟ 6,000ಕ್ಕಿಂತ ಕಡಿಮೆ, ಒಂದು ಲಾರಿ, ಒಂದು ಟ್ರ್ಯಾಕ್ಟರ್ ಅಂದರೆ ಊರಿನ ದುಡ್ಡಲ್ಲಿ ಪೋಲ್ ಬಾರ್ನ್ ಕಟ್ಟಿ, ಒಂದು ಭಾಗಕ್ಕೆ ಬಿಸಿ ಕೊಡಿ. ಹಕ್ಕಿನ ಹಣವನ್ನು ರನ್‌ವೇ ಡಾಂಬರಿಗೆ ಉಳಿಸಿಕೊಳ್ಳಿ. ರನ್‌ವೇ ಚೆನ್ನಾಗಿದೆ, ಹಾರಾಟ ಅದಕ್ಕಿಂತ ಜಾಸ್ತಿ, ಒಂದೆರಡು ವರ್ಷದ ಹಣ ಆಗಲೇ ಕೂಡಿದೆ ಅಂದರೆ ಉಕ್ಕಿನ ಕಟ್ಟಡಕ್ಕೆ ಹೋಗಿ, ಅಳತೆ ಬಿಗಿಯಾಗಿರಲಿ. ಇನ್ನು ನಾಲ್ಕೈದು ವರ್ಷದಲ್ಲಿ ರನ್‌ವೇ ರಿಪೇರಿ ಬರುತ್ತದೆ ಅಂತ ಗೊತ್ತಿದ್ದರೆ ಶೆಡ್ಡಿಗೆ ಕೈ ಹಾಕಬೇಡಿ, ಹಳೇ ಹ್ಯಾಂಗರ್‌ನಲ್ಲೇ ತಳ್ಳಿ. ರಸ್ತೆ ಇಲಾಖೆ ಜೊತೆ ಹೋಗೋದಾದರೆ ಗೋಡೆ, ಬಾಗಿಲು, ಡ್ರೈವರ್ ಮೂರೂ ಬೇರೆ ಬೇರೆ ಅಂತ ಬರವಣಿಗೆಯಲ್ಲಿ ಮಾಡಿಕೊಂಡು ಹೋಗಿ.

ಯಾವ ದಾರಿ ಆದರೂ ಫೆಡರಲ್ ಹಣ ಬೇಕಿದ್ದರೆ ಐದು ವರ್ಷದ ಯೋಜನಾ ಪಟ್ಟಿಯಲ್ಲಿ ಈ ವರ್ಷವೇ ಹೆಸರು ಸೇರಿಸಿ. ಒಂದು ವರ್ಷ ನಕ್ಷೆ, ಮುಂದಿನ ವರ್ಷ ಕಟ್ಟೋದು ಅಂತ ಎರಡು ಗ್ರ್ಯಾಂಟ್ ಮಾಡಿಕೊಂಡರೆ ಸಲೀಸು. ಟೆಂಡರ್ ಚಳಿಗಾಲದಲ್ಲೇ ಕರೆದರೆ ನೆಲ ಹೆಪ್ಪುಗಟ್ಟುವ ಮೊದಲು ಪಾಯ ಮುಗಿಸಬಹುದು. ಬೇಸಿಗೆಯಲ್ಲಿ ಕರೆದರೆ ಉಕ್ಕು ಬಂದು ಇಳಿಯುವ ಹೊತ್ತಿಗೆ ಮತ್ತೆ ಹಿಮ ಬಿದ್ದಿರುತ್ತದೆ.

ಗೆಳೆಯರಿಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿದ್ದೆ. ಕೊನೆಗೆ, "ಶನಿವಾರ ಒಂದು ಟೇಪು ತಗೊಂಡು ಹೋಗಿ ಪ್ಲೌ ಅಳೆದು ಬನ್ನಿ" ಅಂದಿದ್ದೆ. ಮೊನ್ನೆ ಮತ್ತೆ ಫೋನ್ ಬಂತು. ಪ್ಲೌ ಬ್ಲೇಡ್ 14 ಅಡಿ. ಕನ್ಸಲ್ಟೆಂಟ್ ನಕ್ಷೆಯಲ್ಲಿ ಬಾಗಿಲು ಕೂಡ 14 ಅಡಿ.

"ಬ್ಲೇಡ್ ಓರೆ ಮಾಡಿದ್ರೆ ಹೋಗುತ್ತೆ ಅಂತಾರೆ ಮಾರಾಯ," ಅಂದರು.

"ಬೆಳಗಿನ ಜಾವ ನಾಲ್ಕಕ್ಕೆ ಓಡಿಸೋರು ಯಾರು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮುಂದಿನ ಸಭೆಗೆ ಆಪರೇಟರನ್ನೂ ಕರೀತೀನಿ," ಅಂತ ಫೋನ್ ಇಟ್ಟರು.